ಕಣದ ಅಂಚಿನಲ್ಲಿ ಬಿಟ್ಟ ಬೂಟು

ನಂದಗುಡಿ, ೧೮-೧-೧೯೪೭

ಅಕ್ಕಾ,

ನಿನ್ನ ತಮ್ಮ ಕೊನೆಗೂ ಆಡಿದ! ಬೂಟಿನಲ್ಲಿ ಓಡಲು ಬಾರದ ನನ್ನನ್ನು, ಆಟಕ್ಕೆಂದೇ ಕೆಲಸ ಕೊಟ್ಟ ಮಿಲ್ಲಿನವರು ಆಡಿಸದೆ ಸುಮ್ಮನೆ ಕೂರಿಸಿದ್ದಾರೆ, ಹೀಗೇ ಆದರೆ ಕೆಲಸವೂ ಹೋಗುತ್ತದೆ ಎಂದು ಬರೆದಿದ್ದೆನಲ್ಲ. ನಿನ್ನೆ ನಮ್ಮ ಟೀಮು ಹೊಸಕೋಟೆಯಾಚೆಯ ಈ ಊರಿಗೆ ಫುಟ್ಬಾಲ್ ಪಂದ್ಯಕ್ಕೆ ಬಂತು. ಮೈದಾನವೆಂದರೆ ರಾಗಿ ಒಕ್ಕುವ ದೊಡ್ಡ ಕಣ! ಎರಡು ಬಣವೆಗಳ ನಡುವೆ ಗೋಲು. ನಮ್ಮವರು ಬೂಟು ಬಿಗಿದು ಹೊರಟರೆ ಊರಿನ ಹಿರಿಯರಾದ ಅಪ್ಪಯ್ಯಣ್ಣನವರು ಅಡ್ಡ ನಿಂತರು.

"ಕಣಕ್ಕೆ ಮೆಟ್ಟು ಹಾಕ್ಕೊಂಡು ಇಳೀತಾರೇನ್ರಪ್ಪಾ? ಲಕ್ಷ್ಮಿ ಕಣ್ರಪ್ಪಾ ಅದು. ಅಲ್ಲೇ ಬಿಚ್ಚಿ!"

ಬೂಟುಗಳೆಲ್ಲ ಬೇಲಿಯ ಪಕ್ಕ ಕೂತವು. ನಮ್ಮ ಶೂರರು ಕೆಂಡ ತುಳಿದವರಂತೆ ಕುಣಿಯುತ್ತಿದ್ದಾಗ ಊರ ಹುಡುಗರು ಎರಡು ಗೋಲು ಹೊಡೆದೇಬಿಟ್ಟರು. ಆಗ ಕ್ಯಾಪ್ಟನ್ ರತ್ನಂಗೆ ನನ್ನ ನೆನಪಾಯಿತು. "ಲೇ ನಂಜುಂಡ, ಬರಿಗಾಲಲ್ಲಿ ಆಡೋಕೆ ಬಿಡಿ ಅಂತ ಪ್ರಾಣ ತಿಂತಿದ್ದೆಯಲ್ಲಾ, ಬಾರೋ!" ಎಂದ.

ಮೂರು ಗೋಲು ಹೊಡೆದೆ, ಅಕ್ಕಾ, ಗೆದ್ದೆವು! ಮೂರನೆಯದರಲ್ಲಿ ಚೆಂಡು ಗೋಲಿಗೆ ಹೋಯಿತು, ನಾನು ಬಣವೆಯೊಳಗೆ ಹೋದೆ. ಅಪ್ಪಯ್ಯಣ್ಣನವರೇ ನನ್ನ ಕಾಲು ಹಿಡಿದು ಎಳೆದರು, ನಗುತ್ತಾ. ಭಾನುವಾರ ಬೆಂಗಳೂರಿನಲ್ಲಿ ಎರಡನೆಯ ಡಿವಿಷನ್ ಪಂದ್ಯ. ಬರಿಗಾಲಿನ ನಾನೇ ಸೆಂಟರ್ ಫಾರ್ವರ್ಡ್.

ಮೈಯೆಲ್ಲ ಹುಲ್ಲಿನ ನವೆ, ಅದು ಬಿಟ್ಟರೆ ಆರೋಗ್ಯ. ಬಸ್ಸಿನವನು ಹಾರನ್ ಹೊಡೆಯುತ್ತಿದ್ದಾನೆ. ಭಾವನವರಿಗೆ ಹೇಳು, ಅವರು ಕೊಡಿಸುತ್ತೇನೆಂದ ಹೊಸ ಬೂಟು ನನಗೆ ಬೇಡ. ಆ ದುಡ್ಡಿನಲ್ಲಿ ಅವರೇ ಒಂದು ಜೊತೆ ಚಪ್ಪಲಿ ಕೊಳ್ಳಲಿ. ಕಣದ ಹತ್ತಿರ ಮಾತ್ರ ಬಿಚ್ಚಿಡಲಿ.

ನಿನ್ನ ತಮ್ಮ,
ನಂಜುಂಡ