ನಿಲ್ದಾಣದ ದಾರಿ ಕೇಳಲು ಮಾತ್ರ ಬಲ್ಲವಳು

ಹ್ರೋದ್ನಾ, ಬೆಲರೂಸ್
ಫೆಬ್ರವರಿ ೩೦, ೨೩೧೪

ಸುಮಾರು ಮುನ್ನೂರು ವರ್ಷ ಹಿಂದೆ ಕೂತು ಇಂಗ್ಲಿಷ್ ಬಲ್ಲವರಿಗಾಗಿ ಬೆಲರೂಸಿಯನ್ ಪಾಠಗಳನ್ನು ಬರೆಯುತ್ತಿರುವ ಹಿರಿಯರಿಗೆ ನೀಲವ್ವ ಹಾದಿಮನಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮಲ್ಲಿ ಕನ್ನಡ ಬಲ್ಲವರಿದ್ದರೆ ಉಳಿದವರಿಗೆ ಓದಿ ಹೇಳಿ. ಸಂಕಟವನ್ನು ಬೇರೆ ಭಾಷೆಯಲ್ಲಿ ಬರೆಯಲು ನನಗೆ ಬಾರದು.

ನಾನು ಇಲ್ಲಿನ ಕಡೆನುಡಿ ಮನೆಯಲ್ಲಿ ನರ್ಸ್. ಒಂದು ಭಾಷೆಯ ಕೊನೆಯ ಮಾತುಗಾರರನ್ನು ನೋಡಿಕೊಳ್ಳುವ ಮನೆಗಳಿಗೆ ನಾವು ಹಾಗೆನ್ನುತ್ತೇವೆ. ಇಲ್ಲಿ ಈಗ ಉಳಿದಿರುವುದು ಬೆಲರೂಸಿಯನ್ ಆಡುವ ಯಾದ್ವಿಹಾ ಅಜ್ಜಿ ಒಬ್ಬರೇ. ನಮ್ಮೆಲ್ಲರ ಕಿವಿಯೊಳಗೂ ಕಿವಿದುಭಾಷಿ ಎಂಬ ಪುಟ್ಟ ಯಂತ್ರವಿದೆ; ನನ್ನದು ಯಾರ ಮಾತನ್ನಾದರೂ ಕನ್ನಡ ಮಾಡಿಕೊಡುತ್ತದೆ. ಆದರೆ ಆಡುವವರು ಕಡಿಮೆಯಾದ ಭಾಷೆಗಳನ್ನು ಅದರಿಂದ ಯಾವತ್ತೋ ಕಿತ್ತುಹಾಕಿದ್ದಾರೆ. ಹಾಗಾಗಿ ಅಜ್ಜಿಯ ಸಲುವಾಗಿ ನಿಮ್ಮ ಹಳೆಯ ಪಾಠಗಳನ್ನು ಹುಡುಕಿ ತೆಗೆದೆ. ಎಷ್ಟೊಂದು ಸಿಕ್ಕವು! ಕುಣಿದಾಡಿಬಿಟ್ಟೆ. ಆಮೇಲೆ ನೋಡಿದರೆ ಎಲ್ಲವೂ ಮೊದಲ ಪಾಠಗಳೇ. ಪ್ರತಿಯೊಬ್ಬರೂ ಅಕ್ಷರಮಾಲೆಯಿಂದ ಭಾರೀ ಉತ್ಸಾಹದಲ್ಲಿ ಶುರುಮಾಡಿ, ನಮಸ್ಕಾರ ಹೇಳಿಸಿ, ರೈಲು ನಿಲ್ದಾಣದ ದಾರಿ ಕೇಳಿಸಿ, ಆಲೂಗಡ್ಡೆ ದೋಸೆ ತಿನ್ನಿಸಿ, ‘ಮುಂದಿನ ಪಾಠ ಶೀಘ್ರದಲ್ಲೇ’ ಎಂದು ಬರೆದು ಎದ್ದುಹೋಗಿದ್ದೀರಿ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಬಾರದಿತ್ತೇ? ಎಲ್ಲರಿಗೂ ತಮ್ಮದೇ ಹೊಸ ಅಂಗಡಿ ತೆರೆಯುವ ಚಪಲ.

ಹೋಗಲಿ, ಇದ್ದಷ್ಟರಲ್ಲೇ ಸಂಭಾಳಿಸಿದೆವು. ಬೆಳಗ್ಗೆ ತಲೆ ಬಾಚುತ್ತ, ನಿಲ್ದಾಣ ಎಲ್ಲಿದೆ ಎಂದು ಅವರ ಭಾಷೆಯಲ್ಲಿ ಕೇಳುತ್ತಿದ್ದೆ. ಅಜ್ಜಿ ನಗುತ್ತ ಕಿಟಕಿಯತ್ತ ಕೈ ತೋರಿಸುತ್ತಿದ್ದರು. ಅಲ್ಲಿರುವುದು ಹೊಳೆ. ಇಬ್ಬರಿಗೂ ಅದು ಗೊತ್ತಿತ್ತು.

ಈ ವಾರ ಅವರು ಊಟ ಬಿಟ್ಟಿದ್ದಾರೆ. ಇವತ್ತು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ನಡುನಡುವೆ ಏನೋ ಕೇಳಿ, ಉತ್ತರಕ್ಕಾಗಿ ನನ್ನ ಮುಖ ನೋಡಿದರು. ಮಗಳ ವಿಷಯವೋ, ಮಣ್ಣು ಮಾಡಬೇಕಾದ ಜಾಗವೋ, ನೋವೋ, ಒಂದೂ ತಿಳಿಯಲಿಲ್ಲ. ನನಗೆ ಅಳು ಬಂತು. ಸುಮ್ಮನಿರಲಾರದೆ ಬಾಯಿಗೆ ಬಂದದ್ದನ್ನು ಹೇಳಿದೆ: “ಜ್ಯಾಕುಯ್, ವೆಲ್ಮಿ ಸ್ಮಾಚ್ನಾ.” ಧನ್ಯವಾದ, ತುಂಬಾ ರುಚಿಯಾಗಿದೆ ಎಂದು ಅರ್ಥ. ಅಜ್ಜಿ ಕೈ ಬಿಟ್ಟು ಗೋಡೆಯತ್ತ ಹೊರಳಿದರು.

ಈ ಕಾಗದ ನಿಮಗೆ ತಲುಪುವುದಿಲ್ಲವೆಂದು ಬಲ್ಲೆ. ತಲುಪಿದರೆ, ದಯವಿಟ್ಟು ಇನ್ನೊಂದು ಮೊದಲ ಪಾಠ ಬರೆಯಬೇಡಿ. ಎಲ್ಲಿ ನೋಯುತ್ತಿದೆ, ಯಾರನ್ನು ಕರೆಸಲಿ, ಹೆದರಬೇಡಿ ನಾನಿದ್ದೇನೆ, ಇಷ್ಟನ್ನಾದರೂ ಬರೆದಿಡಿ.

ಅಜ್ಜಿ ಮತ್ತೆ ಕರೆಯುತ್ತಿದ್ದಾರೆ. ಹೋಗಿ ಪಕ್ಕದಲ್ಲಿ ಕೂತು, ನಿಲ್ದಾಣ ಎಲ್ಲಿದೆ ಎಂದು ಕೇಳುತ್ತೇನೆ.