ಲವಾನ್‌ಳ ಕೂಪನ್ ಡಬ್ಬ

ಎಲ್ಮರ್ಟನ್, ಒಹಾಯೊ
ಭಾನುವಾರ, ೨೧ ಸೆಪ್ಟೆಂಬರ್ ೧೯೮೬

ಪ್ರೀತಿಯ ಲವಾನ್,

ಹೇಗಿದ್ದೀಯ? ಅರಿಜೋನಾದ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಾಗಿಲ್ಲ ತಾನೆ? ನಿನ್ನ ಅಕ್ಕ ವರ್ನಾ ಈಗ ಊರುಗೋಲಿಲ್ಲದೆ ಅಂಗಳದವರೆಗೆ ನಡೆಯುತ್ತಾಳೆ ಎಂದು ಕಳೆದ ವಾರ ಫೋನಿನಲ್ಲಿ ಹೇಳಿದೆಯಲ್ಲ, ಸಂತೋಷವಾಯಿತು. ಮುರಿದ ಸೊಂಟ ಈ ವಯಸ್ಸಿನಲ್ಲಿ ಅಷ್ಟು ಬೇಗ ಕೂಡಿಕೊಳ್ಳುವುದು ದೊಡ್ಡ ಮಾತು. ನಾನು ಚೆನ್ನಾಗಿದ್ದೇನೆ. ಮೊಣಕಾಲು ತನ್ನ ಪಾಡಿಗೆ ತಾನು ಗೊಣಗುತ್ತದೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಅವಳ ಆರೈಕೆಗೆಂದು ನೀನು ಹೋಗಿ ಇವತ್ತಿಗೆ ಆರು ವಾರ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯೆಂದು ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ಪೇಪರಿನಲ್ಲಿ ಬರುವ ರಿಯಾಯಿತಿ ಕೂಪನ್ ಕತ್ತರಿಸಲು ಶುರುಮಾಡಿದ್ದೇನೆ. ಹೌದು, ನಾನೇ. ದಿನಸಿ ಅಂಗಡಿಯ ಕೌಂಟರಿನಲ್ಲಿ ನೀನು ಕೂಪನ್ ಡಬ್ಬದ ಮುಚ್ಚಳ ತೆಗೆದ ಕೂಡಲೇ, ಹಿಂದೆ ನಿಂತವರು ಏನಂದುಕೊಳ್ಳುತ್ತಾರೋ ಎಂದು ಕಾರಿಗೆ ಹೋಗಿ ಕೂರುತ್ತಿದ್ದ ಅದೇ ಮನುಷ್ಯ. “ಹತ್ತು ಸೆಂಟಿಗೆ ಇಷ್ಟೊಂದು ಕಸರತ್ತಾ?” ಎಂದು ಮದುವೆಯಾದಾಗಿನಿಂದ ಆಡಿಕೊಂಡವನು. ನೀನು ಹೋದ ಮೊದಲ ವಾರ ಕಣ್ಣಿಗೆ ಕಂಡಿದ್ದನ್ನೆಲ್ಲ ಅಂಗಡಿಯ ತಳ್ಳುಗಾಡಿಗೆ ಹಾಕಿಕೊಂಡೆ. ಬಿಲ್ಲು ನೋಡಿ ಹೌಹಾರಿದೆ. ಕಾರ್ಖಾನೆ ಮುಚ್ಚಿ ಪಿಂಚಣಿ ಅರ್ಧಕ್ಕಿಳಿದ ಮೇಲೂ ನಮ್ಮಿಬ್ಬರ ಊಟವನ್ನು ನೀನು ಅದಕ್ಕಿಂತ ಕಡಿಮೆಯಲ್ಲಿ ತೂಗಿಸುತ್ತಿದ್ದೆ. ಅದು ಹೇಗೆಂದು ನಾನು ಒಂದು ದಿನವೂ ಕೇಳಲಿಲ್ಲ.

ಅದರ ಮುಂದಿನ ಭಾನುವಾರ ಪೇಪರಿನ ಬಣ್ಣದ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತೆ. ನಿನ್ನ ಡಬ್ಬ ಮುಟ್ಟಲು ಮನಸ್ಸು ಬರಲಿಲ್ಲ, ಹೊಸದಾಗಿಯೇ ಶುರುಮಾಡಿದೆ. ಮೂವತ್ತೊಂದು ವರ್ಷ ಉಕ್ಕಿನ ಅಚ್ಚು ಕೊರೆದ ಕೈ ನನ್ನದು, ನಿನ್ನ ಹಾಗೆ ಕತ್ತರಿಯಲ್ಲಿ ಪರಪರ ಎನ್ನಿಸಲು ಅದು ಒಪ್ಪುತ್ತದೆಯೇ? ಅಳತೆಪಟ್ಟಿ ಇಟ್ಟು, ಬ್ಲೇಡಿನಲ್ಲಿ, ಸುತ್ತಲಿನ ಚುಕ್ಕೆಗೆರೆಯ ಅಂಚನ್ನೆಲ್ಲ ತೆಗೆದು, ಒಂದೊಂದನ್ನೂ ಇಸ್ಪೀಟೆಲೆಯಷ್ಟು ಚೊಕ್ಕ ಮಾಡಿದೆ. ಅವನ್ನು ಅಂಗಡಿಗೆ ಒಯ್ದಾಗ ಕೌಂಟರಿನಲ್ಲಿ ಗ್ಲೆಂಡಾ ಇದ್ದಳು, ನಿನಗೆ ಗೊತ್ತಲ್ಲ, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡವಳು. ಒಂದೊಂದನ್ನೇ ತಿರುಗಿಸಿ ನೋಡಿ, “ಯಜಮಾನ್ರೇ, ಅಂಚಲ್ಲಿದ್ದ ಕೊನೇ ತಾರೀಖನ್ನೇ ಕತ್ರಿಸಿ ಬಿಸಾಕಿದೀರಲ್ಲ. ಇವು ಕೂಪನ್ ಅಲ್ಲ, ಬರೀ ಚಿತ್ರ” ಎಂದಳು. ಹಿಂದಿನವರು ನಕ್ಕರು. ಕಾರಿಗೆ ಹೋಗಿ ಕೂರೋಣವೆಂದರೆ ಗಾಡಿಯಲ್ಲಿದ್ದ ಸಾಮಾನು ನನ್ನದೇ.

ಗ್ಲೆಂಡಾ ಒಳ್ಳೆಯವಳು. ತನ್ನ ಬಿಡುವಿನ ಹೊತ್ತಿನಲ್ಲಿ ಪಾಠ ಹೇಳಿಕೊಟ್ಟಳು. ಬೆಲೆ ಆಮೇಲೆ ನೋಡಬೇಕಂತೆ, ಮೊದಲು ತಾರೀಖು. ತಿಂಗಳ ಪ್ರಕಾರ ಜೋಡಿಸಿಟ್ಟು, ಬುಧವಾರವೇ ಹೋಗಬೇಕಂತೆ, ಅವತ್ತು ಪ್ರತಿ ಕೂಪನ್ನಿಗೂ ದುಪ್ಪಟ್ಟು ಕಳೆಯುತ್ತಾರೆ. ಇದನ್ನೆಲ್ಲ ನಿನಗೆ ಹೇಳುತ್ತಿದ್ದೇನೆ ನೋಡು. ಆದರೆ ಒಂದು ತೊಂದರೆಯಿದೆ, ಅದನ್ನು ಗ್ಲೆಂಡಾ ಹೇಳಿರಲಿಲ್ಲ. ಮುಕ್ಕಾಲು ಪಾಲು ಕೂಪನ್‌ಗಳು ಎರಡು ಕೊಂಡರೆ ಮಾತ್ರ ಎನ್ನುತ್ತವೆ. ಎರಡು ಸೋಪು, ಎರಡು ಸಾಸಿವೆ ಸೀಸೆ, ಎರಡು ಟೂತ್‌ಪೇಸ್ಟು. ಎರಡನೆಯದನ್ನು ನಿನ್ನ ಕಡೆಯ ಕಪಾಟಿನಲ್ಲಿ ಇಡುತ್ತಾ ಬಂದಿದ್ದೇನೆ, ಈಗ ಬಾಗಿಲು ಹಾಕಲಾಗುತ್ತಿಲ್ಲ. ಮೊನ್ನೆ ಮೇಜಿನ ಮುಂದೆ ಕೂತು, “ಲವಾನ್, ಉಪ್ಪಿಗೂ ಕೂಪನ್ ಬರುತ್ತಾ?” ಎಂದು ಜೋರಾಗಿ ಕೇಳಿಬಿಟ್ಟೆ. ಆಮೇಲೆ ಬಹಳ ಹೊತ್ತು ರೇಡಿಯೋ ಹಾಕಲೂ ಮನಸ್ಸಾಗಲಿಲ್ಲ. ಕೆಲಸ ಹೋದ ಮೇಲೆ ದಿನವಿಡೀ ನಿನ್ನ ಹಿಂದೆಯೇ ತಿರುಗಿ, ಪಾತ್ರೆ ತೊಳೆಯುವುದರಲ್ಲೂ ತಪ್ಪು ಹುಡುಕುತ್ತಿದ್ದೆನಲ್ಲ, ಅದು ನೆನಪಾಯಿತು. ನನಗೆ ತುಂಬಾ ಬೇಜಾರಾಗಿದೆ, ಲವಾನ್.

ವರ್ನಾಗೆ ನಾನು ಕೇಳಿದೆನೆಂದು ತಿಳಿಸು, ಮೆಟ್ಟಿಲು ಹತ್ತುವ ಅವಸರ ಬೇಡವೆನ್ನು. ನೀನು ಹೊತ್ತುಹೊತ್ತಿಗೆ ಊಟ ಮಾಡು, ಬಿಸಿಲಿಗೆ ಟೋಪಿಯಿಲ್ಲದೆ ಹೊರಡಬೇಡ.

ನಿನ್ನ
ನಾರ್ಬರ್ಟ್

ಮತ್ತೆ: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ತಿಂಗಳ ಪ್ರಕಾರ ಜೋಡಿಸಲೆಂದು ನಿನ್ನೆ ಕೊನೆಗೂ ನಿನ್ನ ತಗಡಿನ ಡಬ್ಬ ತೆಗೆದೆ. ನೀನು ಆಗಲೇ ಜೋಡಿಸಿದ್ದೆ. ಆಗಸ್ಟ್, ಸೆಪ್ಟೆಂಬರ್ ಖಾನೆಗಳು ತುಂಬಿವೆ. ಅಕ್ಟೋಬರಿನಿಂದ ಮುಂದಕ್ಕೆ ಖಾಲಿ. ಜುಲೈನಲ್ಲಿ ಕುಂಬಳಕಾಯಿ ಡಬ್ಬಿಯ ಕೂಪನ್ ಕತ್ತರಿಸುತ್ತಾ, “ಇದು ನವೆಂಬರ್ ಕೊನೇವರೆಗೂ ನಡಿಯುತ್ತೆ ನಾರ್ಬ್, ಹಬ್ಬಕ್ಕೆ ಪೈ ಮಾಡೋಕೆ ಆಯ್ತು” ಎಂದಿದ್ದೆ. ಅದೂ ಅಲ್ಲಿಲ್ಲ. “ಎರಡೇ ವಾರ” ಎಂದು ಹೊರಟವಳು ಚಳಿಗಾಲದ ಕೂಪನ್‌ಗಳನ್ನೆಲ್ಲ ಜೊತೆಗೆ ಒಯ್ದಿದ್ದೀಯ. ಸಿಟ್ಟಿಲ್ಲ. ಕಾರಿನಲ್ಲಿ ಕೂತಿದ್ದವನು ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ? ಈ ಲಕೋಟೆಯೊಳಗೆ ನೀನು ಕುಡಿಯುವ ಕಾಫಿಯ ಕೂಪನ್ ಒಂದನ್ನು ಇಟ್ಟಿದ್ದೇನೆ. ಎರಡು ಕೊಳ್ಳಬೇಕು, ನಮ್ಮೂರಿನ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ. ಕೌಂಟರಿನಲ್ಲಿ ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ಡಿಸೆಂಬರ್ ಮೂವತ್ತೊಂದರವರೆಗೆ ಸಮಯವಿದೆ. ನೋಡು, ಈ ಸಲ ತಾರೀಖು ಕತ್ತರಿಸಿಲ್ಲ.