ಅಡುಗೆಮನೆಯ ಫೋನು

ಜೋಗುಪಾಳ್ಯ,
20 ಫೆಬ್ರವರಿ 2003

ಪ್ರೀತಿಯ ವಿಭಾ,

ನಿನ್ನ ಮೇಲ್‌ಗೆ ಉತ್ತರ ಬರಲಿಲ್ಲವಲ್ಲ, ಅದು ಯಾಕೆ ಎಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ತಿಂಗಳ ಮೊದಲ ದಿನ ಹಲಸೂರು ಕೆರೆ ಪಕ್ಕದ ರಸ್ತೆಯಲ್ಲಿ ಸ್ಕೂಟರ್‌ನಿಂದ ಬಿದ್ದೆ. ಬಲಗಾಲಿಗೆ ಪ್ಲಾಸ್ಟರ್. ಮೆಟ್ಟಿಲಿಳಿದು ಬ್ರೌಸಿಂಗ್ ಸೆಂಟರ್‌ಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ಇದ್ದದ್ದು ಗೆಳೆಯ ಸುದರ್ಶನ್ ಲಿನಕ್ಸ್ ಹಾಕಿಕೊಟ್ಟ ಹಳೆಯ ಕಂಪ್ಯೂಟರು, ಒಂದು ಮೋಡೆಮ್, ಇಂಟರ್ನೆಟ್‌ಗೂ ಮಾತಿಗೂ ಸೇರಿ ಒಂದೇ ಫೋನ್ ಲೈನು. ಏಳನೇ ತಾರೀಕು ನಿನ್ನ ಮೇಲ್‌ನ ತಲೆಬರಹ ಮಾತ್ರ ಇಳಿಯಿತು: 'ಅಮ್ಮನ್ನ ಕೇಳಿ ಹೇಳು.' ಅಷ್ಟರಲ್ಲಿ ಲೈನು ಕಡಿಯಿತು. ಏನು ಕೇಳಬೇಕೆಂದು ಗೊತ್ತಾಗಲಿಲ್ಲ.

ನಿನ್ನ ಮದುವೆಯಾದಾಗಿನಿಂದ ಅಪ್ಪನ ಎದುರು ನಿನ್ನ ಹೆಸರು ಎತ್ತುವಂತಿಲ್ಲ. ಹಾಗಾಗಿ ಅವರು ಇನ್ಶೂರೆನ್ಸ್ ಆಫೀಸಿಗೆ ಹೊರಟ ಮೇಲೆಯೇ ಡಯಲ್ ಮಾಡುತ್ತಿದ್ದೆ. ಎರಡು ನಿಮಿಷ, ಮೂರು ನಿಮಿಷ, ಮತ್ತೆ ಕಟ್. ಮೋಡೆಮ್‌ನ ವೇಗ ಇಳಿಸಿದೆ. ವೈರು ಬದಲಿಸಿದೆ. ಡಯಲ್ ಮಾಡುವ ಫೈಲನ್ನು ಹತ್ತು ಸಲ ತಿದ್ದಿದೆ. ಸುದರ್ಶನ್‌ಗೆ ಫೋನ್ ಮಾಡಿದರೆ, "ಲಾಗ್ ಓದು ಮಗಾ, ಅದು ಸುಳ್ಳು ಹೇಳಲ್ಲ" ಎಂದ. ಲಾಗ್‌ನಲ್ಲಿ, ಅಂದರೆ ಕಂಪ್ಯೂಟರು ತಾನೇ ಬರೆದಿಡುವ ದಾಖಲೆಯಲ್ಲಿ, ಇದ್ದದ್ದು ಒಂದೇ ಮಾತು: ಸಂಪರ್ಕ ಹೋಯಿತು. ಹೋದದ್ದು ನನಗೂ ಗೊತ್ತಿತ್ತು.

ಕೊನೆಗೆ ಕಡಿದ ಹೊತ್ತುಗಳನ್ನೆಲ್ಲ ಬರೆದಿಡತೊಡಗಿದೆ. ಹದಿನೆಂಟರಂದು ಆ ಚೀಟಿ ಹಿಡಿದುಕೊಂಡು, ನೀರು ಕುಡಿಯೋಣವೆಂದು ಕುಂಟುತ್ತಾ ಅಡುಗೆಮನೆಗೆ ಹೋದೆ. ಕಂಪ್ಯೂಟರು ಲೈನಿನಲ್ಲೇ ಇತ್ತು. ಅಲ್ಲಿ ಅಮ್ಮ ಅದೇ ಲೈನಿನ ಪ್ಯಾರಲಲ್ ಫೋನ್ ಎತ್ತಿ ಕಿವಿಗೆ ಹಿಡಿದು ನಿಂತಿದ್ದಳು. "ಹಲೋ... ಹಲೋ..."

"ಯಾರಮ್ಮಾ?"

ಬೆಚ್ಚಿಬಿದ್ದಳು. "ಫೋನ್ ಕೆಟ್ಟಿದ್ಯೇನೋ ಅಂತ ನೋಡ್ತಿದ್ದೆ ಕಣೋ. ಯಾವಾಗ ಎತ್ತಿದ್ರೂ ಕೊರ್ ಅಂತ ಕಿರುಚತ್ತೆ. ಅದರೊಳಗೆ ಎಲ್ಲಾದ್ರೂ ವಿಭಾ ಇದ್ರೆ ಅಂತ..."

"ಅದು ನಾನಮ್ಮ. ಅವಳ ಕಾಗದ ಇಳಿಸ್ತಾ ಇದ್ದೆ."

ಅವಳೂ ಅಪ್ಪ ಹೊರಟ ಮೇಲೆಯೇ ಎತ್ತುತ್ತಿದ್ದಳು, ವಿಭಾ; ಎತ್ತಿದಾಗಲೆಲ್ಲ ನನ್ನ ಸಂಪರ್ಕ ಕಡಿಯುತ್ತಿತ್ತು. ಹನ್ನೆರಡು ದಿನ ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಹೇಳದೆ, ನಿನಗಾಗಿ ಒಬ್ಬರ ಲೈನನ್ನು ಒಬ್ಬರು ಕಡಿಯುತ್ತಿದ್ದೆವು.

ನಿನ್ನೆ ಅಮ್ಮ ಕೈಕಟ್ಟಿಕೊಂಡು ನನ್ನ ಪಕ್ಕದಲ್ಲೇ ಕೂತಳು. ಎರಡೇ ನಿಮಿಷಕ್ಕೆ ಮೇಲ್ ಪೂರ್ತಿ ಇಳಿಯಿತು. ಓದಿ ಹೇಳಿದೆ: 'ಈ ತಿಂಗಳ ಕೊನೆಗೆ ಹೆರಿಗೆ. ಇಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಅಮ್ಮ ಬರ್ತಾಳಾ ಕೇಳು. ಹನ್ನೆರಡನೇ ತಾರೀಕಿನೊಳಗೆ ಉತ್ತರ ಬರದಿದ್ರೆ ಬರಲ್ಲ ಅಂತ ತಿಳ್ಕೊತೀನಿ. ಆಮೇಲೆ ಕೇಳಲ್ಲ.' ಹನ್ನೆರಡು ಕಳೆದು ವಾರವಾಗಿತ್ತು. ತಕ್ಷಣ ಉತ್ತರ ಬರೆದೆ. ಮೂರು ಸಲ ಬರೆದೆ. ಈ ಸ್ಥಿತಿಯಲ್ಲಿ ನೀನು ಬ್ರೌಸಿಂಗ್ ಸೆಂಟರ್‌ಗೆ ಹೋಗಿ ನೋಡುವುದಾದರೂ ಹೇಗೆ? ರಾಯಚೂರಿನ ನಿನ್ನ ಮನೆಯಲ್ಲಿ ಫೋನಿಲ್ಲ. ನನಗೆ ಕಾಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತಾ ಅಮ್ಮ, "ನಾಳೆ ರಾಯಚೂರಿಗೆ ಹೋಗ್ತಿದ್ದೀನಿ" ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಈ ಕಾಗದ ಅಮ್ಮನ ಚೀಲದಲ್ಲೇ ಬರುತ್ತಿದೆ. ಹೊತ್ತಿಗೆ ಮುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮುಟ್ಟಿದ ಮೇಲೆ ಒಂದು ಫೋನ್ ಮಾಡಿಸು. ಅಲ್ಲಿಯವರೆಗೆ ಕಂಪ್ಯೂಟರ್ ಹಚ್ಚುವುದಿಲ್ಲ, ಲೈನು ಖಾಲಿ ಬಿಟ್ಟಿರುತ್ತೇನೆ.

ನೀನೂ ಮಗುವೂ ಚೆನ್ನಾಗಿರಿ.

ನಿನ್ನ ಅಣ್ಣ,
ಭಾರ್ಗವ್